ಇಂಡಿ ಲಿಂಬಿ, ಗೋವಾದ ಜಿನ್ ಮತ್ತು ಒಂದು ಗ್ಲಾಸಿನ ತೆರಿಗೆ

ಕಳೆದ ಶನಿವಾರ ಸಂಜೆ ಪುಣೆಯ ವಾಕಡ್‌ನಲ್ಲಿರುವ ಗೆಳೆಯನ ಫ್ಲ್ಯಾಟಿಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟೆಚೀಲ ಇತ್ತು. ಒಳಗೆ ನಿಂಬೆಹಣ್ಣು, ನಲವತ್ತಕ್ಕೆ ಕಡಿಮೆ ಇಲ್ಲ. ಇಂಡಿಯಿಂದ ಅವನ ತಾಯಿ ರಾತ್ರಿ ಬಸ್ಸಿನವರ ಕೈಯಲ್ಲಿ ಕಳಿಸಿಕೊಟ್ಟದ್ದು. ‘ಉಪ್ಪಿನಕಾಯಿ ಹಾಕ್ಕೋ, ಅಂಗಡೀದು ತಿನಬ್ಯಾಡ’ ಎಂದು ಫೋನಿನಲ್ಲಿ ತಾಕೀತೂ ಆಗಿತ್ತಂತೆ. ಆ ಚೀಲದ ಪಕ್ಕದಲ್ಲೇ ಗೋವಾದಲ್ಲಿ ತಯಾರಾದ ಜಿನ್ ಬಾಟಲಿ, ಎರಡು ಸೋಡಾ, ಒಂದು ಟಾನಿಕ್ ವಾಟರ್ ಮತ್ತು ಫೋನಿನಲ್ಲಿ ಓಡುತ್ತಿದ್ದ ಒಂದು ರೀಲ್. ಬಿಳಿ ಅಂಗಿ ತೊಟ್ಟ ಯುವಕನೊಬ್ಬ ಮೂವತ್ತು ಸೆಕೆಂಡಿನಲ್ಲಿ ಜಿನ್, ನಿಂಬೆರಸ, ಗುಳ್ಳೆಯೇಳುವ ವೈನ್ ಸೇರಿಸಿ ‘ಫ್ರೆಂಚ್ 75’ ಮಾಡಿ ತೋರಿಸುತ್ತಿದ್ದ.

ಹತ್ತು ವರ್ಷದ ಹಿಂದೆ ನಮ್ಮ ಕೂಟಗಳಲ್ಲಿ ಇಂಥ ದೃಶ್ಯ ಇರಲಿಲ್ಲ. ಆಗ ವಿಸ್ಕಿ ಇತ್ತು, ರಮ್ ಇತ್ತು, ಬಿಯರ್ ಇತ್ತು. ಜಿನ್ ಎಂದರೆ ಹಳೆಯ ಕ್ಲಬ್ಬುಗಳ ನಿವೃತ್ತ ಕರ್ನಲ್‌ಗಳ ಪಾನೀಯ. 2017ರಲ್ಲಿ ನಾವೊ ಸ್ಪಿರಿಟ್ಸ್ ಕಂಪನಿ ಗೋವಾದಿಂದ ‘ಗ್ರೇಟರ್ ದ್ಯಾನ್’ ತಂದಿತು. ಮರುವರ್ಷ ‘ಸ್ಟ್ರೇಂಜರ್ ಆ್ಯಂಡ್ ಸನ್ಸ್’ ಬಂತು. ಆಮೇಲೆ ಜಿನ್ ಮಧ್ಯಮ ವರ್ಗದ ಫ್ರಿಜ್ಜಿಗೆ ಇಳಿಯಿತು. ಕೊರೊನಾ ಕಾಲದಲ್ಲಿ ಬಾರುಗಳು ಬಾಗಿಲು ಹಾಕಿದಾಗ ಮನೆಯಲ್ಲೇ ಕಾಕ್‌ಟೇಲ್ ಮಾಡುವ ಹವ್ಯಾಸ ಗಟ್ಟಿಯಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಯುನೈಟೆಡ್ ಸ್ಪಿರಿಟ್ಸ್ ಈಗ ನಾವೊ ಕಂಪನಿಯನ್ನೇ ಕೊಂಡಿದೆ. ಇದು ಇನ್ನು ಕೆಲವೇ ಜನರ ಹುಚ್ಚಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ನಾನು ಪರೋಕ್ಷ ತೆರಿಗೆಯ ಲೆಕ್ಕ ನೋಡಿ ಹೊಟ್ಟೆ ಹೊರೆಯುವ ಮನುಷ್ಯ. ಹಾಗಾಗಿ ಎಲ್ಲರೂ ಗ್ಲಾಸಿನ ಬಣ್ಣ ನೋಡುವಾಗ ನನ್ನ ಕಣ್ಣು ಬಿಲ್ಲಿನ ಮೇಲೆ. ಆ ಸಂಜೆ ಕಟ್ಟೆಯ ಮೇಲಿದ್ದ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ನಿಂಬೆಹಣ್ಣಿಗೆ ಜಿಎಸ್‌ಟಿ ಇಲ್ಲ. ಸಕ್ಕರೆಗೆ ಶೇ 5. ಸಿಹಿ, ಸುವಾಸನೆ ಏನೂ ಬೆರೆಸದ ಸೋಡಾಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5. ಅದೇ ಸೋಡಾಕ್ಕೆ ಸಕ್ಕರೆ ಮತ್ತು ಚೂರು ಕ್ವಿನೈನ್ ಸೇರಿ ಟಾನಿಕ್ ವಾಟರ್ ಆದರೆ ಶೇ 40. ಮೊದಲೂ ಸೆಸ್ ಸೇರಿ ಅಷ್ಟೇ ಇತ್ತು, ಈಗ ನೇರವಾಗಿ ಆ ದರದ ಪಟ್ಟಿಯಲ್ಲಿ ಕೂತಿದೆ. ಇನ್ನು ಜಿನ್. ಅದು ಈ ಇಡೀ ಲೆಕ್ಕದ ಆಚೆ. ‘ಒಂದು ದೇಶ, ಒಂದು ತೆರಿಗೆ’ ಎಂಬ ಘೋಷಣೆ ಕುಡಿಯುವ ಮದ್ಯದ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಜಿಎಸ್‌ಟಿ ತಂದ ಸಂವಿಧಾನ ತಿದ್ದುಪಡಿಯ ವ್ಯಾಖ್ಯೆಯಲ್ಲೇ ಮನುಷ್ಯರು ಕುಡಿಯುವ ಮದ್ಯವನ್ನು ಹೊರಗಿಡಲಾಗಿದೆ. ಅದರ ಸುಂಕ, ಮಾರಾಟ ತೆರಿಗೆ, ಪರವಾನಗಿ, ಸಾಗಣೆ ಎಲ್ಲವೂ ರಾಜ್ಯದ ಕೈಯಲ್ಲಿ.

ಬೆಂಗಳೂರಿನಲ್ಲೇ ಇದ್ದರೆ ಇದು ನಮಗೆ ತಟ್ಟುತ್ತಿರಲಿಲ್ಲ. ಊರು ಬಿಟ್ಟವರಿಗೆ ಮಾತ್ರ ಗೊತ್ತಾಗುವ ಸಂಗತಿ ಇದು. ಚೆನ್ನೈನ ಗೆಳೆಯ ಸರ್ಕಾರದ್ದೇ ಆದ ಟಾಸ್ಮ್ಯಾಕ್ ಅಂಗಡಿಯ ಮುಂದೆ ನಿಲ್ಲಬೇಕು, ಅವರು ಇಟ್ಟ ಬ್ರ್ಯಾಂಡ್ ಅವನ ಬ್ರ್ಯಾಂಡ್. ಹೈದರಾಬಾದಿನವರದು ಲಾಟರಿ ಎತ್ತಿ ಹಂಚಿದ ಖಾಸಗಿ ಅಂಗಡಿ. ದಿಲ್ಲಿಯಲ್ಲಿ 2021ರಲ್ಲಿ ಖಾಸಗಿ, 2022ರ ಸೆಪ್ಟೆಂಬರಿನಿಂದ ಮತ್ತೆ ಸರ್ಕಾರಿ. ಅಲ್ಲಿನ ನಮ್ಮವರು ಮೆಟ್ರೊ ಹತ್ತಿ ಗುರುಗ್ರಾಮಕ್ಕೆ ಹೋಗಿಬರುವುದು ಗುಟ್ಟೇನಲ್ಲ. ವಯಸ್ಸಿನ ಲೆಕ್ಕವೂ ಒಂದೇ ಇಲ್ಲ. ಕರ್ನಾಟಕದಲ್ಲಿ 21 ತುಂಬಿದವನಿಗೆ ಜಿನ್ ಸಿಗುತ್ತದೆ, ದಿಲ್ಲಿ ಮತ್ತು ಮಹಾರಾಷ್ಟ್ರದಲ್ಲಿ 25 ಆಗಬೇಕು. ಕ್ಯಾಂಪಸ್ಸಿನಿಂದ ನೇರ ಪುಣೆಗೆ ಕೆಲಸಕ್ಕೆ ಬಂದ 23ರ ಹುಡುಗ ಹುಬ್ಬಳ್ಳಿಯಲ್ಲಿ ದೊಡ್ಡವನು, ನಿಪ್ಪಾಣಿ ದಾಟಿದರೆ ಚಿಕ್ಕವನು.

ಮಹಾರಾಷ್ಟ್ರದಲ್ಲಿ ಇನ್ನೊಂದು ವಿಚಿತ್ರ ಇದೆ. 1949ರ ಮುಂಬೈ ಪಾನನಿಷೇಧ ಕಾಯ್ದೆ ಹೆಸರು ಬದಲಿಸಿಕೊಂಡು ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಕುಡಿಯುವುದು ಹಕ್ಕಲ್ಲ, ವಿನಾಯಿತಿ. ಆ ವಿನಾಯಿತಿಗೆ ಪರ್ಮಿಟ್ ಬೇಕು: ಒಂದು ದಿನಕ್ಕೆ 5 ರೂಪಾಯಿ, ವರ್ಷಕ್ಕೆ 100, ಜೀವನಪೂರ್ತಿಗೆ 1,000. ನಿಮ್ಮ ಮನೆಯ ಸೋಫಾದ ಮೇಲೆ ಕೂತು ಕುಡಿದರೂ ಬೇಕು. ನಾನು ಈ ಊರಿಗೆ ಬಂದು ನಾಲ್ಕು ವರ್ಷವಾದ ಮೇಲೆ ಇದು ತಿಳಿದದ್ದು, ಅದೂ ಕೆಳಗಿನ ಮಹಡಿಯ ಮನೆಯ ಪಾರ್ಟಿಗೆ ಗದ್ದಲದ ದೂರು ಹೋಗಿ ಪೊಲೀಸರು ಬಂದು ‘ಪರ್ಮಿಟ್ ದಾಖವಾ’ ಎಂದು ಕೇಳಿದ ರಾತ್ರಿ. ಅಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರ ಬಳಿಯೂ ಇರಲಿಲ್ಲ. ಎಲ್ಲರೂ ವಿದ್ಯಾವಂತರು, ಎಲ್ಲರೂ ತೆರಿಗೆ ಕಟ್ಟುವವರು. ಮರುವಾರವೇ ನಾನು ಜೀವನಪೂರ್ತಿಯ ಪರ್ಮಿಟ್ ಮಾಡಿಸಿದೆ. ಮನೆಯವರು ಅದನ್ನು ಫ್ರೇಮು ಹಾಕಿಸೋಣವೇ ಎಂದು ಇಂದಿಗೂ ಅಣಕಿಸುತ್ತಾರೆ. ಆದರೂ ಈ ಅಂಕಣ ಓದುವ ಮುಂಬೈ, ಪುಣೆ, ಠಾಣೆ, ನಾಸಿಕದ ಕನ್ನಡಿಗರಿಗೆ ಹೇಳುತ್ತೇನೆ: ಮಾಡಿಸಿಕೊಳ್ಳಿ. ಹಾಗೆಯೇ ಬೆಂಗಳೂರಿನಲ್ಲಿ ಕೊಂಡ ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರುವ ಮುಂಚೆ ಯೋಚಿಸಿ. ವಿಮಾನ ಕಂಪನಿ ನಿಮ್ಮ ಬ್ಯಾಗಿನಲ್ಲಿ ಸೀಲು ಒಡೆಯದ 5 ಲೀಟರಿನ ತನಕ ಒಪ್ಪಬಹುದು. ಅದು ವಿಮಾನದ ಸುರಕ್ಷತೆಯ ನಿಯಮ. ಇಳಿಯುವ ರಾಜ್ಯದ ಅಬಕಾರಿ ಕಾಯ್ದೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ಇದೆಲ್ಲ ಯಾಕೆ ನೆನಪಾಯಿತೆಂದರೆ, ಆ ಸಂಜೆಯ ಮಾತು ತಿರುಗಿದ್ದು ಬ್ರಿಟನ್ ಒಪ್ಪಂದದ ಕಡೆಗೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ವಿಸ್ಕಿಯ ಜೊತೆ ಜಿನ್ ಹೆಸರೂ ಇದೆ. ಸೀಮಾ ಸುಂಕ ಶೇ 150 ಇದ್ದದ್ದು ಒಪ್ಪಂದ ಜಾರಿಯಾದಾಗ ಶೇ 75ಕ್ಕೆ, ಹತ್ತನೆಯ ವರ್ಷಕ್ಕೆ ಶೇ 40ಕ್ಕೆ ಇಳಿಯಬೇಕು. ‘ಇನ್ನ ಲಂಡನ್ ಜಿನ್ ಅರ್ಧ ರೇಟಿಗೆ ಬರ್ತದ ನೋಡು’ ಎಂದು ಒಬ್ಬ ಗೆಳೆಯ ಖುಷಿಯಾಗಿದ್ದ. ಅರ್ಧಕ್ಕೆ ಬರುವುದಿಲ್ಲ. ಲೆಕ್ಕ ಹೀಗೆ. ಅನುಕೂಲಕ್ಕೆ ಒಂದು ಬಾಟಲಿ ನಮ್ಮ ಬಂದರಿಗೆ 400 ರೂಪಾಯಿಗೆ ಬಂದು ಬಿತ್ತು ಅಂದುಕೊಳ್ಳಿ. ಶೇ 150 ಸುಂಕ ಸೇರಿದರೆ 1,000. ಶೇ 75 ಆದರೆ 700. ಶೇ 40 ಆದರೆ 560. ಅಂದರೆ ಮೊದಲ ಹಂತದಲ್ಲಿ ಉಳಿಯುವುದು 300 ರೂಪಾಯಿ. ಇದಾದ ಮೇಲೆ ಆಮದುದಾರನ ಖರ್ಚು ಮತ್ತು ಲಾಭ, ರಾಜ್ಯದ ಅಬಕಾರಿ ಸುಂಕ, ಸಗಟು ವ್ಯಾಪಾರಿ, ಅಂಗಡಿಯವನು, ವ್ಯಾಟ್. ಅಂಗಡಿಯ ಕಪಾಟಿನಲ್ಲಿ ಎರಡೂವರೆ–ಮೂರು ಸಾವಿರಕ್ಕೆ ನಿಲ್ಲುವ ಬಾಟಲಿಯಲ್ಲಿ ದಿಲ್ಲಿ ಬಿಟ್ಟುಕೊಡುವ ಪಾಲು ಅಷ್ಟೇ. ಉಳಿದ ದೊಡ್ಡ ಪಾಲು ಮುಂಬೈ, ಬೆಂಗಳೂರು, ಚೆನ್ನೈ, ಹೈದರಾಬಾದಿನ ಸಚಿವಾಲಯಗಳದು. ಅವರು ಲಂಡನ್ನಿನ ಜೊತೆ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ.

ರಾಜ್ಯ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಮಹಾರಾಷ್ಟ್ರವೇ ತೋರಿಸಿದೆ. 2021ರ ನವೆಂಬರಿನಲ್ಲಿ ಆಮದು ಸ್ಕಾಚ್ ಮೇಲಿನ ಅಬಕಾರಿ ಸುಂಕವನ್ನು ಶೇ 300ರಿಂದ ಶೇ 150ಕ್ಕೆ ಇಳಿಸಿತು. ಯಾವ ಅಂತರರಾಷ್ಟ್ರೀಯ ಮಾತುಕತೆಯೂ ಇಲ್ಲದೆ, ಒಂದೇ ಅಧಿಸೂಚನೆಯಲ್ಲಿ ಬೆಲೆ ದಿಢೀರನೆ ಬಿತ್ತು. ಕರ್ನಾಟಕ 2023ರ ಜುಲೈ ಬಜೆಟ್ಟಿನಲ್ಲಿ ಎಲ್ಲ 18 ಸ್ಲ್ಯಾಬ್‌ಗಳ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿತ್ತು. ಮರುವರ್ಷದ ಆಗಸ್ಟ್‌ನಲ್ಲಿ ಸ್ಲ್ಯಾಬ್‌ಗಳನ್ನು 16ಕ್ಕೆ ಇಳಿಸಿ ಪ್ರೀಮಿಯಂ ಮದ್ಯದ ಬೆಲೆ ತಗ್ಗಿಸಿತು. ಕಾರಣ ಸರಳ: ನೆರೆ ರಾಜ್ಯಗಳಲ್ಲಿ ಅಗ್ಗವಾದರೆ ಶ್ರೀಮಂತ ಗಿರಾಕಿ ಅಲ್ಲಿಂದ ತರುತ್ತಾನೆ.

ಬಡ ಗಿರಾಕಿ ಎಲ್ಲಿಂದಲೂ ತರುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಕಸಿವಿಸಿಯಾಗುವುದು ಇಲ್ಲಿ. 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಭಾರತದಲ್ಲೇ ತಯಾರಾದ ವಿದೇಶಿ ಮದ್ಯದ ಸುಂಕವನ್ನು ತಯಾರಿಕಾ ವೆಚ್ಚದ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಿತು. ಆದರೆ ಯಾವುದಕ್ಕೆ? ಲೀಟರಿಗೆ 260 ರೂಪಾಯಿಯವರೆಗೆ ಘೋಷಿತ ವೆಚ್ಚ ಇರುವ ಮದ್ಯಕ್ಕೆ. ಅಂದರೆ ರಿಕ್ಷಾ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮಾರಾಟವಾಗುವ ಕ್ವಾರ್ಟರಿಗೆ. ಅದರ ಕನಿಷ್ಠ ಬೆಲೆ 205 ರೂಪಾಯಿಗೆ ಬಂತು, ಮೊದಲು 130ರ ಆಸುಪಾಸಿನಲ್ಲಿತ್ತು. ನಡುವೆ ‘ಮಹಾರಾಷ್ಟ್ರ ನಿರ್ಮಿತ ಮದ್ಯ’ ಎಂಬ ಹೊಸ ವರ್ಗ ಹುಟ್ಟಿತು, ಅದರ 180 ಮಿಲಿಗೆ ಕನಿಷ್ಠ 148 ರೂಪಾಯಿ. ಈ ಬದಲಾವಣೆಗಳಿಂದ ವರ್ಷಕ್ಕೆ 14,000 ಕೋಟಿ ರೂಪಾಯಿ ಹೆಚ್ಚು ಬರಬಹುದೆಂಬುದು ಸರ್ಕಾರದ ಅಂದಾಜು. ಕರ್ನಾಟಕದ್ದೂ ಬೇರೆ ಕತೆಯಲ್ಲ. 2025–26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ. ಅಲ್ಲಿ ಗೃಹಲಕ್ಷ್ಮಿ, ಇಲ್ಲಿ ಲಾಡಕಿ ಬಹೀಣ್. ತಿಂಗಳ ಮೊದಲ ವಾರ ಹೆಂಡತಿಯ ಖಾತೆಗೆ ಬಂದ ಹಣಕ್ಕೂ ತಿಂಗಳಿಡೀ ಗಂಡನ ಜೇಬಿನಿಂದ ಹೋದ ಹಣಕ್ಕೂ ಒಂದೇ ಖಜಾನೆ. ಯೋಜನೆ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಮನೆಗೆಲಸದ ಬಾಯಿಗೆ ಆ 1,500 ರೂಪಾಯಿ ಏನೆಂದು ನನಗೆ ಗೊತ್ತು. ಅವಳ ಗಂಡನ ಕ್ವಾರ್ಟರಿನ ಬೆಲೆ 75 ರೂಪಾಯಿ ಏರಿದಾಗ ಅವನು ಕುಡಿಯುವುದು ಬಿಡಲಿಲ್ಲ, ಮನೆಗೆ ಕೊಡುವುದು ಕಡಿಮೆ ಮಾಡಿದ ಎಂಬುದೂ ಅವಳ ಬಾಯಿಂದಲೇ ಗೊತ್ತು. ನಮ್ಮ ಕಟ್ಟೆಯ ಮೇಲಿನ ಗೋವಾ ಜಿನ್ ಆ 260 ರೂಪಾಯಿಯ ಮಿತಿಗಿಂತ ಎಷ್ಟೋ ಮೇಲಿನದು. ನಾಲ್ಕೂವರೆ ಪಟ್ಟಿನ ಆ ಸೂತ್ರ ನಮ್ಮನ್ನು ಮುಟ್ಟಲೇ ಇಲ್ಲ.

ಬೆಲೆ ಏರಿಸಿದರೆ ಕುಡಿತ ಇಳಿಯುತ್ತದೆ ಎನ್ನುವವರಿಗೆ ಜಿನ್‌ನದೇ ಒಂದು ಹಳೆಯ ಪಾಠ ಇದೆ. 18ನೇ ಶತಮಾನದ ಲಂಡನ್ನಿನ ಬಡ ಕೇರಿಗಳು ಅಗ್ಗದ ಜಿನ್‌ನಲ್ಲಿ ಮುಳುಗಿದ್ದವು. 1736ರಲ್ಲಿ ಅಲ್ಲಿನ ಸಂಸತ್ತು ಚಿಲ್ಲರೆ ಮಾರಾಟಕ್ಕೆ ವರ್ಷಕ್ಕೆ 50 ಪೌಂಡಿನ ಪರವಾನಗಿ ಶುಲ್ಕ ಹೇರಿತು. ಪರವಾನಗಿ ತೆಗೆದುಕೊಂಡವರು ಬೆರಳೆಣಿಕೆಯಷ್ಟು. ಕಳ್ಳ ಜಿನ್ ಹರಿಯಿತು, ಗಲಭೆಗಳಾದವು, 1743ರಲ್ಲಿ ಆ ಕಾಯ್ದೆಯನ್ನೇ ಹಿಂದಕ್ಕೆ ಪಡೆಯಬೇಕಾಯಿತು. 1751ರಲ್ಲಿ ಶುಲ್ಕ ಹದಕ್ಕೆ ತಂದು, ಯಾರು ಮಾರಬಹುದು ಎಂಬುದನ್ನು ಬಿಗಿ ಮಾಡಿದ ಮೇಲೆ ಹತೋಟಿಗೆ ಬರತೊಡಗಿತು. ನಮ್ಮಲ್ಲಿ ಹತೋಟಿ ತಪ್ಪಿದ್ದರ ಫಲ ಇನ್ನೂ ಭೀಕರ. 2015ರಲ್ಲಿ ಮುಂಬೈಯ ಮಾಲ್ವಣಿ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿ. ಎರಡೂ ಕಡೆ ಮೆಥನಾಲ್ ಬೆರೆತ ಕಳ್ಳಬಟ್ಟಿ, ಎರಡೂ ಕಡೆ ಸತ್ತವರು ದಿನಗೂಲಿ ಜನ.

ಇನ್ನು ಗ್ಲಾಸಿಗೆ ಬರೋಣ. ಇಷ್ಟು ಬರೆದು ಅದನ್ನು ಮಾಡುವುದು ಹೇಗೆಂದು ಹೇಳದಿದ್ದರೆ ಓದುಗರು ಬಯ್ಯುತ್ತಾರೆ.

ರೀಲಿನ ‘ಫ್ರೆಂಚ್ 75’ ಎಂಬುದು ಮೊದಲನೇ ಮಹಾಯುದ್ಧದ ಫ್ರೆಂಚ್ ಸೈನ್ಯದ 75 ಮಿಲಿಮೀಟರ್ ಫಿರಂಗಿಯ ಹೆಸರು. ಜಿನ್, ನಿಂಬೆ, ಸಕ್ಕರೆ, ಮೇಲೆ ಶಾಂಪೇನ್. 1930ರಲ್ಲಿ ಹ್ಯಾರಿ ಕ್ರ್ಯಾಡಕ್ ಬರೆದ ಲಂಡನ್ನಿನ ಸವಾಯ್ ಹೋಟೆಲ್ಲಿನ ಕಾಕ್‌ಟೇಲ್ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಶಾಂಪೇನ್ ನಮ್ಮ ಕೈಗೆಟಕುವ ಮಾತಲ್ಲ, ಆದರೆ ನಾಸಿಕ್ ಪಕ್ಕದಲ್ಲೇ ಇರುವ ಪುಣೆಯವರು ಗುಳ್ಳೆ ವೈನಿಗೆ ಪರದಾಡಬೇಕಿಲ್ಲ. ಸುಲಾ, ಶಾಂಡನ್ ಎರಡೂ ಅಲ್ಲಿವೆ. ಬೆಂಗಳೂರಿನವರಿಗೆ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಝಂಪಾ ಇದೆ. ಒಂದು ಗ್ಲಾಸಿಗೆ 30 ಮಿಲಿ ಜಿನ್, 15 ಮಿಲಿ ನಿಂಬೆರಸ, 15 ಮಿಲಿ ಸಕ್ಕರೆ ಪಾಕ, ಮೇಲೆ 75 ಮಿಲಿ ಗುಳ್ಳೆ ವೈನ್. ಬಾಟಲಿ ಒಮ್ಮೆ ತೆರೆದರೆ ಆ ರಾತ್ರಿಯೇ ಮುಗಿಸಬೇಕು, ಮರುದಿನಕ್ಕೆ ಗುಳ್ಳೆ ಉಳಿಯದು. ಹಾಗಾಗಿ ಇಬ್ಬರೇ ಇದ್ದರೆ ಇದಕ್ಕೆ ಕೈಹಾಕಬೇಡಿ. ಸೋಡಾದ ದಾರಿ ವಾಸಿ: 45 ಮಿಲಿ ಜಿನ್, 20 ಮಿಲಿ ನಿಂಬೆರಸ, 20 ಮಿಲಿ ಪಾಕ, 90 ಮಿಲಿ ಸೋಡಾ. ಹಳಬರು ಇದನ್ನು ಟಾಮ್ ಕಾಲಿನ್ಸ್ ಎನ್ನುತ್ತಾರೆ.

ವಿದೇಶಿ ಪಾಕವಿಧಾನಗಳು ‘ಲೆಮನ್’ ಎಂದಾಗ ಹೇಳುವುದು ದಪ್ಪ ಸಿಪ್ಪೆಯ ಹಳದಿ ಹಣ್ಣನ್ನು. ನಮ್ಮ ತೆಳು ಸಿಪ್ಪೆಯ ನಿಂಬೆ ಬೇರೆ ಜಾತಿ, ಹುಳಿ ತುಸು ಹರಿತ. ರಸವನ್ನು ಒಮ್ಮೆಗೇ ಸುರಿಯದೆ ರುಚಿ ನೋಡಿ ಹಾಕಿ. ಹಿಂಡುವ ಮೊದಲು ಹಣ್ಣನ್ನು ಕಟ್ಟೆಯ ಮೇಲೆ ಅಂಗೈಯಿಂದ ಉರುಳಿಸಿ. ಬೀಜ ಜಜ್ಜುವಷ್ಟು ಹಿಂಡಿದರೆ ಕಹಿ ಬರುತ್ತದೆ, ಇದು ಉಪ್ಪಿನಕಾಯಿ ಹಾಕುವ ಯಾವ ತಾಯಿಗೂ ಗೊತ್ತು. ಪಾಕಕ್ಕೆ ಸಮಪ್ರಮಾಣದ ಸಕ್ಕರೆ–ನೀರು ಬಿಸಿ ಮಾಡಿ ಪೂರ್ತಿ ಆರಿಸಿ. ಜಿನ್, ರಸ, ಪಾಕ ಮೂರನ್ನೂ ಐಸಿನ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹತ್ತು–ಹನ್ನೆರಡು ಸೆಕೆಂಡು ಕುಲುಕಿ. ಸೋಡಾವನ್ನು ಮಾತ್ರ ಕುಲುಕಬಾರದು. ನಮ್ಮ ಗೆಳೆಯ ಮೊದಲ ಸಲ ಕುಲುಕಿ ಅಡುಗೆಮನೆಯ ಛಾವಣಿಯವರೆಗೆ ನಿಂಬೆ ಹಾರಿಸಿದ್ದ. ಎಲ್ಲಕ್ಕಿಂತ ಮುಖ್ಯ, ಸೋಡಾ ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿರಬೇಕು. ತಣ್ಣನೆಯ ನೀರಿನಲ್ಲಿ ಅನಿಲ ಹೆಚ್ಚು ಹೊತ್ತು ಕರಗಿರುತ್ತದೆ, ಬೆಚ್ಚಗಾದಷ್ಟೂ ಹಾರಿಹೋಗುತ್ತದೆ. ಗ್ಲಾಸಿನ ಅಂಚಿನಿಂದ ಮೆಲ್ಲಗೆ ಇಳಿಸಿ, ಚಮಚದಿಂದ ಒಂದೇ ಒಂದು ಸುತ್ತು. ಕೊನೆಗೆ ಸಿಪ್ಪೆಯ ಒಂದು ಚೂರನ್ನು ಗ್ಲಾಸಿನ ಮೇಲೆ ಹಿಡಿದು ಮಡಚಿ ಹಿಂಡಿ. ಅದರ ಎಣ್ಣೆ ಮೇಲೆ ಕೂತರೆ ಮೊದಲ ಗುಟುಕಿನ ಮೊದಲೇ ಮೂಗಿಗೆ ಇಂಡಿಯ ತೋಟ ಬಂದಿರುತ್ತದೆ.

ಜಿನ್‌ಗೆ ನಿಂಬೆ ಇಷ್ಟು ಹೊಂದುವುದಕ್ಕೆ ಕಾರಣ ಇದೆ. ಜಿನ್ ಎಂದರೆ ಜುನಿಪರ್ ಕಾಯಿಯ ಪರಿಮಳ ಕೊಟ್ಟ ಶುದ್ಧ ಸ್ಪಿರಿಟ್. ಜುನಿಪರ್ ಬಿಟ್ಟರೆ ಅದರಲ್ಲಿ ಅತಿ ಹೆಚ್ಚು ಬಳಕೆಯಾಗುವುದು ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜ. ಒಣ ಕೊತ್ತಂಬರಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, ನಿಂಬೆ–ಕಿತ್ತಳೆಯ ನೆರಳು ಸಿಗುತ್ತದೆ. ನಿಂಬೆಜಾತಿಯ ಸಿಪ್ಪೆಯೂ ಬಹಳಷ್ಟು ಜಿನ್‌ಗಳಲ್ಲಿ ಇರುತ್ತದೆ. ಹಾಗಾಗಿ ನಾವು ಹಿಂಡುವ ನಿಂಬೆ ಹೊಸದೇನನ್ನೂ ತರುವುದಿಲ್ಲ, ಒಳಗಿದ್ದದ್ದನ್ನು ಎಬ್ಬಿಸುತ್ತದೆ. ಕೊಡಗಿನ ಕಿತ್ತಳೆ, ದೇವನಹಳ್ಳಿ ಚಕ್ಕೋತ ಸಿಕ್ಕಾಗ ಅವನ್ನೂ ಹಾಕಿ ನೋಡಿ. ಚಕ್ಕೋತದ ತಿಳಿಗಹಿ ಜಿನ್‌ಗೆ ಚೆನ್ನ. ಜಿನ್ ಮುಟ್ಟದವರಿಗೆ ಅದೇ ಪಾಕ, ಅದೇ ರಸ, ಅದೇ ಸೋಡಾ, ಒಂದು ಚಿಟಿಕೆ ಉಪ್ಪು. ಗೋಲಿ ಸೋಡಾ ಕುಡಿದು ಬೆಳೆದ ನಮಗೆ ಅದೇನು ಕಡಿಮೆಯ ಪಾನೀಯವಲ್ಲ.

ರೀಲಿನ ಯುವಕ ಹೇಳದ ಒಂದು ಮಾತು ಉಳಿಯಿತು. ಅವನು ಸುರಿದದ್ದು ಬಾಟಲಿಯಿಂದ ನೇರವಾಗಿ, ಅಳತೆ ಇಲ್ಲದೆ. ಅದರಲ್ಲಿ ಆಶ್ಚರ್ಯವಿಲ್ಲ. ಟಿವಿಯಲ್ಲಿ ಮದ್ಯದ ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಹಿಂದೆ ಸೋಡಾ, ಮ್ಯೂಸಿಕ್ ಸಿಡಿಗಳ ಹೆಸರಿನಲ್ಲಿ ಅದು ಬರುತ್ತಿತ್ತು. ಈಗ ಪಾಕವಿಧಾನದ ವೇಷದಲ್ಲಿ ಬರುತ್ತದೆ. ಬಾಟಲಿಯ ಮೇಲೆ ಕಾನೂನು ಬರೆಸಿರುವ ಆರೋಗ್ಯದ ಎಚ್ಚರಿಕೆ ರೀಲಿನಲ್ಲಿ ಬೆರಳ ಕೆಳಗೆ ಅಡಗಿರುತ್ತದೆ.

ನಮ್ಮ ಮಾರುಕಟ್ಟೆಯ ಜಿನ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. 45 ಮಿಲಿಯಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಆಯಿತು. ಶೇ 5ರ 330 ಮಿಲಿ ಬಿಯರಿನಲ್ಲಿ ಇರುವುದು 13 ಗ್ರಾಂ. ವೈನ್ ಸೇರಿದ ಫ್ರೆಂಚ್ 75ರಲ್ಲಿ ಜಿನ್ 30 ಮಿಲಿಯೇ ಇದ್ದರೂ ಒಟ್ಟು 17 ಗ್ರಾಂ. ಕೈಯಳತೆಯಲ್ಲಿ ಸುರಿದರೆ 45 ಎನ್ನುವುದು ಸುಲಭವಾಗಿ 75 ಆಗುತ್ತದೆ, ಆಗ ಒಂದೇ ಗ್ಲಾಸಿನಲ್ಲಿ 25 ಗ್ರಾಂ. ನಿಂಬೆ, ಸಕ್ಕರೆ, ಗುಳ್ಳೆ ಮೂರೂ ಸೇರಿ ಅದರ ಖಾರ ಮುಚ್ಚಿಹಾಕುತ್ತವೆ. ವಿಸ್ಕಿ ಗಂಟಲಲ್ಲಿ ಸುಟ್ಟು ಎಚ್ಚರಿಸುತ್ತದೆ. ಇದು ಷರಬತ್ತಿನಂತೆ ಇಳಿಯುತ್ತದೆ, ಅರ್ಧ ಗಂಟೆಯ ಮೇಲೆ ಗೊತ್ತಾಗುತ್ತದೆ. ಕುಡಿತಕ್ಕೆ ಸುರಕ್ಷಿತ ಮಿತಿ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ನಾನು ಆ ಮಾತನ್ನು ಒಪ್ಪುತ್ತೇನೆ, ಆದರೂ ತಿಂಗಳಿಗೆ ಎರಡು ಸಲ ಕುಡಿಯುತ್ತೇನೆ. ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಆದರೆ ಇಪ್ಪತ್ತೈದು ರೂಪಾಯಿಯ ಸ್ಟೀಲ್ ಅಳತೆ ಲೋಟ ಇಲ್ಲದ ಮನೆಯಲ್ಲಿ ಕುಡಿಯುವುದಿಲ್ಲ.

ನಮ್ಮ ಗುಂಪು ಬಾರು ಬಿಟ್ಟು ಮನೆಯಲ್ಲೇ ಸೇರಲು ಶುರುಮಾಡಿದ್ದು 2024ರ ಮೇ 19ರ ನಂತರ. ಅಂದು ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರು ಬಡಿದು ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕಾರಿನಲ್ಲಿದ್ದವನು 17ರ ಹುಡುಗ, ಪಬ್ಬಿನಲ್ಲಿ ಕುಡಿದು ಬಂದಿದ್ದ ಎಂಬುದು ಪೊಲೀಸರ ಆರೋಪ. ಮೊದಲು ಅವನಿಗೆ ಜಾಮೀನು ಕೊಡುವಾಗ ಹಾಕಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದಾಗಿದ್ದದ್ದು ದೇಶಕ್ಕೆಲ್ಲ ಗೊತ್ತು. ಸತ್ತ ಇಬ್ಬರೂ ಮಧ್ಯಪ್ರದೇಶದವರು, 24 ವರ್ಷದವರು. ನಮ್ಮಂತೆಯೇ ಊರು ಬಿಟ್ಟು ದುಡಿಯಲು ಬಂದವರು. ಟಿವಿಯಲ್ಲಿ ಅವರ ತಂದೆತಾಯಿ ಮಾತಾಡಿದ್ದು ನೋಡಿದ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಮರುದಿನ ಒಬ್ಬ ಬರೆದ: ‘ಇನ್ಮುಂದ ಮನ್ಯಾಗ ಸೇರೋಣು. ರಾತ್ರಿ ಅಲ್ಲೇ ಮಲಗೋದು, ಕೀಲಿ ಮನಿ ಯಜಮಾನ್ತಿ ಕಡೆ.’ ನಿಯಮ ಅಷ್ಟೇ. ನಮ್ಮ ಕಾನೂನಿನಲ್ಲಿ ಚಾಲಕನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮೇಲಿನ ಗ್ರಾಂ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಿದರೆ ‘ಒಂದೇ ಗ್ಲಾಸು, ಓಡಿಸಬಹುದು’ ಎಂಬ ಮಾತು ಎಷ್ಟು ತೆಳುವೆಂದು ತಿಳಿಯುತ್ತದೆ.

ಆ ಶನಿವಾರ ನಾವು ಐವರು. ಜಿನ್ ಕುಡಿದವರು ಮೂವರು, ತಲಾ ಎರಡು ಗ್ಲಾಸು. ನಡುರಾತ್ರಿಯ ಹೊತ್ತಿಗೆ ನಾನು ಕಾಗದದ ಮೇಲೆ ಆ ಗ್ಲಾಸಿನ ಲೆಕ್ಕ ಬರೆದು ತೋರಿಸಿದೆ. ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಕಂಪನಿಗೆ, ಅಂಗಡಿಗೆ ಇಷ್ಟು. ಎಲ್ಲಕ್ಕಿಂತ ಕೆಳಗಿನ ಸಾಲು ನಿಂಬೆಯದು, ತೆರಿಗೆ ಸೊನ್ನೆ. ಗೆಳೆಯ ಅದನ್ನು ನೋಡಿ ನಕ್ಕ. 2022ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಒಂದು ನಿಂಬೆಹಣ್ಣಿಗೆ ಹತ್ತು–ಹದಿನೈದು ರೂಪಾಯಿ ಕೊಟ್ಟು ನಾವು ಗೊಣಗಿದ್ದೆವು. ಮಳೆಗಾಲದ ಸುಗ್ಗಿಯಲ್ಲಿ ಅದೇ ಹಣ್ಣನ್ನು ಕೀಳುವ ಕೂಲಿಯೂ ಹುಟ್ಟದೆ ಅವನ ಕಾಕಾ ಗಿಡದ ಬುಡದಲ್ಲೇ ಬಿಟ್ಟದ್ದನ್ನು ಅವನು ನೋಡಿದ್ದಾನೆ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಊರಲ್ಲೇ ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೆ. ‘ಬ್ರಿಟನ್ ಜೋಡಿ ಒಪ್ಪಂದ ಮಾಡ್ಕೊಂಡಾರಲ್ಲ, ನಮ್ಮ ಲಿಂಬಿದು ಅದರಾಗ ಏನೈತಿ?’ ಎಂದು ಕೇಳಿದ. ನನ್ನ ಬಳಿ ಕೂಡಲೇ ಉತ್ತರ ಇರಲಿಲ್ಲ. ಸೋಮವಾರ ಕಚೇರಿಯಲ್ಲಿ ಸುಂಕದ ಪಟ್ಟಿ ತೆಗೆದು ನೋಡುತ್ತೇನೆ ಎಂದೆ.

ಬೆಳಿಗ್ಗೆ ಒಂಬತ್ತಕ್ಕೆ ಇಂಡಿಯಿಂದ ಫೋನು ಬಂತು. ‘ಹಣ್ಣು ಹ್ಯಾಂಗದಾವ? ಉಪ್ಪು ಹಾಕಿದ್ಯಾ?’ ಗೆಳೆಯ ನಮ್ಮ ಮುಖ ನೋಡಿದ, ಸ್ಪೀಕರ್ ಆರಿಸಿದ, ಹಾಕಾಕ ಹತ್ತೀನವ್ವ ಎಂದ. ಚೀಲದಲ್ಲಿ ಮೂವತ್ತೆರಡು ಹಣ್ಣು ಉಳಿದಿದ್ದವು. ಭರಣಿ ತೊಳೆದು ಒರೆಸಿ ಒಣಗಲು ಇಟ್ಟು, ಐವರೂ ಕೂತು ಹೆಚ್ಚಲು ಶುರುಮಾಡಿದೆವು.